ಹತ್ತಂಕಿಯ ಗುರುತು

ನಮ್ಮ ಮದಲೂರಿಗೆ ರೈಲು ಬಂದಿಲ್ಲ. ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ಶಿರಾ ತಲುಪಿ, ಅಲ್ಲಿಂದ ತುಮಕೂರಿಗೆ ಹೋಗಬೇಕು. ತುಮಕೂರಿಗೆ ಬೆಂಗಳೂರಿನಿಂದ ರೈಲು ಬಂದದ್ದು 1884ರಲ್ಲಿ. ಮಧುಗಿರಿ, ಪಾವಗಡದ ಕಡೆಯವರು ಗೌರಿಬಿದನೂರಿಗೋ ಹಿಂದೂಪುರಕ್ಕೋ ಹೋಗಿ ಹತ್ತುವುದುಂಟು. ರೈಲೇ ಇಷ್ಟು ದೂರವಿದ್ದ ಮೇಲೆ ಅದರ ಟಿಕೆಟ್ಟು ಹೆಂಗಸರ ಕೈಗೆ ಇನ್ನೂ ದೂರ. ಟಿಕೆಟ್ ತರುವವರು ಗಂಡಸರು. ಅದು ಇರುತ್ತಿದ್ದುದು ಅವರ ಅಂಗಿಯ ಜೇಬಿನಲ್ಲಿ. ನಮ್ಮ ಪಾಲಿಗೆ ಬುತ್ತಿಯ ಗಂಟು, ನೀರಿನ ತಂಬಿಗೆ, ಮಕ್ಕಳ ಕೈ.

ಹಳೆಯ ಟಿಕೆಟ್ಟು ನೆನಪಿದೆಯಲ್ಲವೇ? ಹೆಬ್ಬೆರಳಿನಷ್ಟು ಉದ್ದದ ದಪ್ಪ ರಟ್ಟಿನ ತುಂಡು. ಕಿಟಕಿಯ ಒಳಗೆ ಗುಮಾಸ್ತರು ಅದನ್ನು ಯಂತ್ರಕ್ಕೆ ತೂರಿಸಿ ಟಕ್ಕೆಂದು ತಾರೀಖು ಒತ್ತುತ್ತಿದ್ದರು. ಅದನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಎಂಬ ಸ್ಟೇಷನ್ ಮಾಸ್ತರು, 1830ರ ದಶಕದ ಕೊನೆಯಲ್ಲಿ. ಪ್ರತಿ ರಟ್ಟಿನ ಮೇಲೂ ಒಂದು ಕ್ರಮಸಂಖ್ಯೆ. ಬೆಳಿಗ್ಗೆ ಎಷ್ಟರಿಂದ ಶುರುವಾಯಿತು, ಸಂಜೆಗೆ ಎಷ್ಟಕ್ಕೆ ನಿಂತಿತು ಎಂದು ನೋಡಿದರೆ ಪೆಟ್ಟಿಗೆಯಲ್ಲಿ ಎಷ್ಟು ಹಣವಿರಬೇಕೆಂದು ತಿಳಿಯುತ್ತಿತ್ತು. ಅಂದರೆ ಆ ಸಂಖ್ಯೆ ಇದ್ದದ್ದು ಕಛೇರಿಯ ಲೆಕ್ಕಕ್ಕೆ. ಪ್ರಯಾಣ ಮಾಡುವವಳು ಯಾರೆಂಬುದು ಅದಕ್ಕೆ ಬೇಕಿರಲಿಲ್ಲ. ರಟ್ಟು ಕಳೆದರೆ ಪ್ರಯಾಣವೂ ಕಳೆದಂತೆಯೇ.

ಮಲಗುವ ಜಾಗ ಕಾಯ್ದಿರಿಸುವವರ ಹೆಸರನ್ನು ದಪ್ಪ ಲೆಡ್ಜರುಗಳಲ್ಲಿ ಕೈಯಿಂದ ಬರೆಯುತ್ತಿದ್ದರು. ಒಂದೊಂದು ಕಿಟಕಿಗೆ ಕೆಲವೇ ರೈಲುಗಳು. ಬೇರೆ ಊರಿನಿಂದ ಹಿಂತಿರುಗುವ ಟಿಕೆಟ್ ಬೇಕೆಂದರೆ ಆ ಊರಿಗೆ ತಂತಿ ಹೋಗಬೇಕು, ಉತ್ತರಕ್ಕೆ ಕಾಯಬೇಕು.

ಈ ತೊಡಕನ್ನು ಮೊದಲು ಬಿಡಿಸಿದ್ದು ರೈಲಲ್ಲ, ವಿಮಾನ. ಅಮೆರಿಕದಲ್ಲಿ ಆಗ ವಿಮಾನದ ಸೀಟುಗಳ ಲೆಕ್ಕವನ್ನು ಕಾರ್ಡುಗಳಲ್ಲಿ ಇಡುತ್ತಿದ್ದರು. ಒಂದು ಬುಕಿಂಗ್ ಮುಗಿಯಲು ಸುಮಾರು ಒಂದೂವರೆ ಗಂಟೆ ಹಿಡಿಯುತ್ತಿತ್ತಂತೆ. 1953ರಲ್ಲಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಹೊರಟ ವಿಮಾನದಲ್ಲಿ ಇಬ್ಬರು ಸ್ಮಿತ್‌ಗಳು ಅಕ್ಕಪಕ್ಕ ಕುಳಿತರು. ಒಬ್ಬರು ಅಮೆರಿಕನ್ ಏರ್‌ಲೈನ್ಸ್‌ನ ಅಧ್ಯಕ್ಷ ಸಿ.ಆರ್. ಸ್ಮಿತ್, ಇನ್ನೊಬ್ಬರು ಐಬಿಎಂ ಕಂಪನಿಯ ಬ್ಲೇರ್ ಸ್ಮಿತ್. ಹೆಸರು ಒಂದೇ ಆದ್ದರಿಂದ ಮಾತು ಬೆಳೆಯಿತು. ಆ ಮಾತಿನಿಂದ ಹುಟ್ಟಿದ ‘ಸೇಬರ್’ ಎಂಬ ಕಂಪ್ಯೂಟರ್ ವ್ಯವಸ್ಥೆ 1964ರ ಹೊತ್ತಿಗೆ ಆ ಸಂಸ್ಥೆಯ ಬುಕಿಂಗನ್ನೆಲ್ಲ ಹೊತ್ತುಕೊಂಡಿತು. ಪ್ರಯಾಣಿಕರ ಹೆಸರಿನಲ್ಲೇ ಒಂದು ದಾಖಲೆ ತೆರೆದಿಡುವ ಕ್ರಮ ಹೀಗೆ ನೆಲೆಯೂರಿತು. ಪಿಎನ್‌ಆರ್ ಎಂದರೆ ಅದೇ: ‘ಪ್ಯಾಸೆಂಜರ್ ನೇಮ್ ರೆಕಾರ್ಡ್’, ಪ್ರಯಾಣಿಕರ ಹೆಸರಿನ ದಾಖಲೆ.

ನಮ್ಮ ರೈಲ್ವೆಯಲ್ಲಿ ಕಂಪ್ಯೂಟರ್ ಕಾಯ್ದಿರಿಸುವಿಕೆ 1985ರಲ್ಲಿ ದೆಹಲಿಯಲ್ಲಿ ಶುರುವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಸಿಕಂದರಾಬಾದು ಎಂದು ಐದು ಕೇಂದ್ರಗಳಾದವು. 1999ರಲ್ಲಿ ಐದೂ ಒಂದಕ್ಕೊಂದು ಬೆಸೆದುಕೊಂಡ ಮೇಲೆ ಎಲ್ಲಿಂದ ಎಲ್ಲಿಗಾದರೂ ಒಂದೇ ಕಿಟಕಿಯಲ್ಲಿ ಟಿಕೆಟ್ ಸಿಗುವಂತಾಯಿತು. 2002ರಿಂದ ಮನೆಯಲ್ಲೇ ಕುಳಿತು ಇಂಟರ್‌ನೆಟ್ಟಿನಲ್ಲಿ ಕಾಯ್ದಿರಿಸಬಹುದಾಯಿತು.

ರೈಲಿನ ಪಿಎನ್‌ಆರ್‌ನಲ್ಲಿ 10 ಅಂಕಿಗಳಿರುತ್ತವೆ. ಮೊದಲ ಮೂರು ಯಾವ ಕೇಂದ್ರದ ಲೆಕ್ಕವೆಂದು ಹೇಳುತ್ತವೆ. ಬೆಂಗಳೂರಿನಿಂದ ಹೊರಡುವ ರೈಲಿಗೆ ಸಾಮಾನ್ಯವಾಗಿ 4ರಿಂದ ಆರಂಭ. ಅದು ಚೆನ್ನೈ ಕೇಂದ್ರದ ಗುರುತು. ಉಳಿದ ಏಳು ಯಂತ್ರ ಕೊಟ್ಟ ಅಂಕಿಗಳು. ಅದರಲ್ಲಿ ತಾರೀಖನ್ನಾಗಲಿ ಬರ್ತನ್ನಾಗಲಿ ಹುಡುಕಬೇಡಿ. ಐದಂಕಿಯದು ರೈಲಿನ ಸಂಖ್ಯೆ. ಅದು ಆ ರೈಲು ಹತ್ತುವ ಎಲ್ಲರಿಗೂ ಒಂದೇ. ಹತ್ತಂಕಿಯದು ನಿಮ್ಮ ಟಿಕೆಟ್ಟಿಗೆ ಮಾತ್ರ ಸೇರಿದ್ದು.

ವಿಮಾನದ ಪಿಎನ್‌ಆರ್ ಆರಕ್ಷರದ್ದು, ಇಂಗ್ಲಿಷ್ ಅಕ್ಷರಗಳೋ ಅಂಕಿಗಳು ಬೆರೆತದ್ದೋ. ಏರ್ ಇಂಡಿಯಾದಂಥ ಸಂಸ್ಥೆಗಳಲ್ಲಿ ಅದರ ಜೊತೆಗೆ 13 ಅಂಕಿಗಳ ಟಿಕೆಟ್ ಸಂಖ್ಯೆ ಬೇರೆ ಇರುತ್ತದೆ. ಏರ್ ಇಂಡಿಯಾದ್ದಾದರೆ ಅದು 098ರಿಂದ ಶುರು. ಆರಕ್ಷರ ಜಾಗದ ದಾಖಲೆ, ಹದಿಮೂರಂಕಿ ಟಿಕೆಟ್ಟಿನ ಗುರುತು. ಮದುವೆ ಮನೆಯಲ್ಲಿ ಛತ್ರ ಗೊತ್ತು ಮಾಡುವುದು ಬೇರೆ, ಹಣ ಕಟ್ಟಿ ರಸೀದಿ ಪಡೆಯುವುದು ಬೇರೆ ಅಲ್ಲವೇ, ಹಾಗೆ.

ಇದೆಲ್ಲ ನಮಗೇಕೆ, ಮಕ್ಕಳು ನೋಡಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಮಗಳ ಬಾಣಂತನಕ್ಕೆಂದು ಪುಣೆಗೆ ಹೊರಟರು. ಅಂಟಿನುಂಡೆ, ಬೆಳ್ಳುಳ್ಳಿ, ಹಳೆಯ ಮೆತ್ತನೆ ಸೀರೆಗಳ ಗಂಟು ಹೊತ್ತು ಸ್ಟೇಷನ್ನು ತಲುಪಿದರು. ಟಿಕೆಟ್ ಮಾಡಿಸಿದ ಹುಡುಗ ‘ಆಗಿದೆ’ ಎಂದಷ್ಟೇ ಹೇಳಿದ್ದ. ಆಗಿದ್ದದ್ದು ವೇಟಿಂಗ್ ಲಿಸ್ಟ್. ಇಂಟರ್‌ನೆಟ್ಟಿನಲ್ಲಿ ತೆಗೆದ ಟಿಕೆಟ್ಟಿನಲ್ಲಿ ಒಬ್ಬರಿಗೂ ಜಾಗ ಸಿಗದೆ ಚಾರ್ಟ್ ತಯಾರಾದರೆ ಅದು ತಾನಾಗಿಯೇ ರದ್ದಾಗುತ್ತದೆ. ಅಜ್ಜಿ ಆ ಗಂಟಿನೊಂದಿಗೆ ಹಿಂದಿರುಗಿದರು. ಮಗಳ ಮನೆ ಸೇರುವ ಹೊತ್ತಿಗೆ ಮೊಮ್ಮಗು ಹುಟ್ಟಿ ಐದು ದಿನವಾಗಿತ್ತು. ಆ ಹತ್ತಂಕಿ ಅವರ ಕೈಯಲ್ಲಿದ್ದಿದ್ದರೆ 139ಕ್ಕೆ ಫೋನು ಮಾಡಿ ಮನೆಯಿಂದ ಹೊರಡುವ ಮೊದಲೇ ತಿಳಿದುಕೊಳ್ಳಬಹುದಿತ್ತು. ಬಸ್ಸಿನಲ್ಲಿ ಹೋಗುವ ದಾರಿಯಾದರೂ ಹೊಳೆಯುತ್ತಿತ್ತು.

ಹಾಗೆಂದು ಅದನ್ನು ಊರಿಗೆಲ್ಲ ಸಾರಬೇಕಿಲ್ಲ. ವಿಮಾನದ ಆರಕ್ಷರ ಮತ್ತು ಮನೆತನದ ಹೆಸರು ಗೊತ್ತಿದ್ದರೆ ಸಾಕು, ಬೇರೆಯವರು ನಿಮ್ಮ ಬುಕಿಂಗನ್ನು ತೆರೆದು ನೋಡಬಹುದು, ಕೆಲವೊಮ್ಮೆ ಬದಲಿಸಲೂಬಹುದು. ಟಿಕೆಟ್ಟಿನ ಫೋಟೊ ತೆಗೆದು ಸಂತೋಷಕ್ಕೆ ಹತ್ತಾರು ಜನಕ್ಕೆ ಕಳಿಸುವುದು ಬೀಗದ ಕೈಯನ್ನು ಜಗಲಿಯ ಮೇಲೆ ಇಟ್ಟು ಹೋದಂತೆ.

ರೈಲ್ವೆಯ ರಿಸರ್ವೇಷನ್ ಫಾರಂ ನೋಡಿದ್ದೀರಾ? ಒಬ್ಬೊಬ್ಬರಿಗೂ ಹೆಸರು, ಗಂಡೋ ಹೆಣ್ಣೋ, ವಯಸ್ಸು ಎಂದು ಕಾಲಮ್ಮುಗಳಿವೆ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಯಲು ಅಲ್ಲಿ ಜಾಗವಿಲ್ಲ. ಎಡ್ಮಂಡ್ಸನ್ನರ ರಟ್ಟಿನ ಸಂಖ್ಯೆ ಕಛೇರಿಯದಾಗಿತ್ತು. ಈ ಸಂಖ್ಯೆಯ ಹಿಂದೆ ಇರುವುದು ನಮ್ಮ ಸ್ವಂತ ಹೆಸರು. ಟಿಕೆಟ್ಟನ್ನು ಯಾರೇ ಮಾಡಿಸಲಿ, ಆ ಹತ್ತಂಕಿಯನ್ನು ಕೇಳಿ ಬರೆದುಕೊಳ್ಳಿ. ಹೆಸರು ಗುರುತಿನ ಚೀಟಿಯಲ್ಲಿದ್ದಂತೆ ಇದೆಯೇ ಎಂದೂ ನೋಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ತಾರೀಖು ಬರೆದುಕೊಳ್ಳುವ ನಮಗೆ ಇನ್ನೊಂದು ಸಾಲು ಭಾರವೇನಲ್ಲ.