ರಾಯಚೂರಿನ ಫಿರಂಗಿಗಳು ಕಲಿಸಿದ ಪಾಠ

'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂಬ ಮಾತನ್ನು ನಮ್ಮ ಹಿರಿಯರು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಹಿಡಿದು ಕೂತ ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಮಾತು ಹಾಸ್ಯಕ್ಕೆ ಬಳಕೆಯಾದರೂ ಅದರ ಅರ್ಥ ಹಾಸ್ಯದ್ದಲ್ಲ. ಶಸ್ತ್ರ ಮನೆಯಲ್ಲಿದ್ದರೆ ಸಾಲದು. ಅದನ್ನು ಹಿಡಿಯುವ ಕೈ ಮೊದಲೇ ಪಳಗಿರಬೇಕು, ಆ ಕೈಯ ಹಿಂದಿರುವ ಮನಸ್ಸು ಆಪತ್ತಿನಲ್ಲಿ ಕದಡದಂತಿರಬೇಕು. ಇವೆರಡೂ ಇಲ್ಲದಿದ್ದರೆ ಎಷ್ಟು ದೊಡ್ಡ ಆಯುಧವಾದರೂ ಕಬ್ಬಿಣದ ತುಂಡೇ ಸರಿ.

ಈ ಮಾತಿಗೆ ನಿದರ್ಶನ ಹುಡುಕಲು ಹೈದರಾಬಾದಿನ ಕನ್ನಡಿಗರಾದ ನಾವು ಬಹಳ ದೂರ ಹೋಗಬೇಕಾಗಿಲ್ಲ. ೧೯೫೬ರವರೆಗೆ ಈ ನಗರವಿದ್ದ ರಾಜ್ಯದಲ್ಲೇ ಇದ್ದ ರಾಯಚೂರಿನಲ್ಲಿ, ಇಂದಿಗೆ ಐದು ಶತಮಾನಗಳ ಹಿಂದೆ, ಅಂಥದೊಂದು ದೊಡ್ಡ ಪರೀಕ್ಷೆ ನಡೆದುಹೋಗಿದೆ. ನಮ್ಮಲ್ಲಿ ಅನೇಕರು ಊರಿಗೆ ಹೋಗುವಾಗ ಆ ಕೋಟೆಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಒಳಗೆ ಹೋಗಿ ನೋಡಿದವರು ಕಡಿಮೆ.

ಎರಡು ನದಿಗಳ ನಡುವಿನ ನೆಲ

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಫಲವತ್ತಾದ ನೆಲವೇ ರಾಯಚೂರು ದೋಆಬ್. ಅಲ್ಲಿಯ ಕೋಟೆಯ ಗೋಡೆಯಲ್ಲಿ ೧೨೯೪ನೆಯ ಇಸವಿಯ ತೆಲುಗು ಶಾಸನವೊಂದು ಉದ್ದನೆಯ ಭಾರೀ ಬಂಡೆಯ ಮೇಲೆ ಇಂದಿಗೂ ಇದೆ. ಕಾಕತೀಯರ ಕಾಲದಲ್ಲಿ ಎದ್ದ ಈ ಕೋಟೆಗಾಗಿ ಮುಂದೆ ಬಹಮನಿಗಳೂ ವಿಜಯನಗರದವರೂ ಮತ್ತೆ ಮತ್ತೆ ಕಾದಾಡಿದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಅದು ಬಿಜಾಪುರದ ಆದಿಲಶಾಹಿಗಳ ವಶದಲ್ಲಿತ್ತು. ಕುದುರೆ ಕೊಳ್ಳಲೆಂದು ತಾನು ಕೊಟ್ಟ ಹಣದೊಂದಿಗೆ ಬಿಜಾಪುರಕ್ಕೆ ಓಡಿಹೋದ ವ್ಯಾಪಾರಿಯೊಬ್ಬನ ನೆಪ ಮಾಡಿಕೊಂಡು ಕೃಷ್ಣದೇವರಾಯ ೧೫೨೦ರಲ್ಲಿ ರಾಯಚೂರಿನ ಮೇಲೆ ದಂಡೆತ್ತಿ ಬಂದ.

ಈ ಯುದ್ಧದ ವಿವರ ನಮಗೆ ದೊರೆತಿರುವುದು ಮುಖ್ಯವಾಗಿ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರವಣಿಗೆಯಿಂದ. ಯುದ್ಧವಾದ ಹದಿನೈದು ವರ್ಷಗಳ ತರುವಾಯ ವಿಜಯನಗರದಲ್ಲಿದ್ದ ಆತ ಕೇಳಿ ತಿಳಿದದ್ದನ್ನು ಬರೆದಿಟ್ಟ. ಅದನ್ನು ರಾಬರ್ಟ್ ಸೀವೆಲ್ ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ನೂನಿಜ್ ಹೇಳುವಂತೆ ರಾಯನ ಸೈನ್ಯದಲ್ಲಿ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆಗಳಿದ್ದವು. ಈ ಅಂಕಿಗಳಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಸೈನ್ಯ ಬಹಳ ದೊಡ್ಡದಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಕೋಟೆಯೊಳಗೆ ೮,೦೦೦ ಕಾವಲುಪಡೆ. ಗೋಡೆಯ ಮೇಲೆ ೨೦೦ ದೊಡ್ಡ ಫಿರಂಗಿಗಳು, ಚಿಕ್ಕವು ಬೇರೆ. ಕಲ್ಲು ಬೀಸುವ ೩೦ ಯಂತ್ರಗಳು. ಹೊರಗಿನವರ ಕೈಯಲ್ಲಿ ಇದ್ದದ್ದು ಗುದ್ದಲಿ ಮತ್ತು ಹಾರೆ! ಅವರು ಗೋಡೆಯ ಬುಡಕ್ಕೆ ಹೋಗಿ ಕಲ್ಲು ಕೀಳಬೇಕು. ಕಿತ್ತು ತಂದ ಕಲ್ಲನ್ನು ನಾಯಕರು ಗಾತ್ರಕ್ಕೆ ತಕ್ಕಂತೆ ಹತ್ತು, ಇಪ್ಪತ್ತು, ಹೀಗೆ ಐವತ್ತು ಹಣದವರೆಗೂ ಕೊಟ್ಟು ಕೊಂಡುಕೊಳ್ಳುತ್ತಿದ್ದರು. ಜನ ಸಾಯುತ್ತಿದ್ದರೂ ಕೆಲಸ ನಿಲ್ಲಲಿಲ್ಲ. ಹೀಗೆ ಮೂರು ತಿಂಗಳು ಕಳೆದವು. ಕೋಟೆ ಬೀಳಲಿಲ್ಲ.

ಒಂದೇ ಬಾರಿಗೆ ಸಿಡಿದ ಫಿರಂಗಿಗಳು

ಅಷ್ಟರಲ್ಲಿ ಇಸ್ಮಾಯಿಲ್ ಆದಿಲಶಾಹ ದೊಡ್ಡ ಫಿರಂಗಿದಳದೊಡನೆ ಕೃಷ್ಣೆಯನ್ನು ದಾಟಿ ಬಂದು, ನದಿಯನ್ನು ಬೆನ್ನಿಗಿಟ್ಟುಕೊಂಡು ಕಂದಕ ತೋಡಿ ಬೀಡುಬಿಟ್ಟ. ಸೀವೆಲ್ಲರ ಲೆಕ್ಕದಂತೆ ಯುದ್ಧ ನಡೆದದ್ದು ೧೫೨೦ರ ಮೇ ೧೯, ಶನಿವಾರ. ಶುಕ್ರವಾರ ಅಶುಭ ದಿನವೆಂದು ತಡೆದವರ ಮಾತು ಕೇಳಿ ರಾಯ ಶನಿವಾರದವರೆಗೆ ಕಾದಿದ್ದ. ಬೆಳಗಾಗುತ್ತಲೇ ವಿಜಯನಗರದ ಮುಂಚೂಣಿ ನುಗ್ಗಿ ಶತ್ರುವನ್ನು ಕಂದಕದವರೆಗೂ ಹಿಮ್ಮೆಟ್ಟಿಸಿತು. ಆಗ ಇಸ್ಮಾಯಿಲ್ ತನ್ನ ಫಿರಂಗಿಗಳನ್ನೆಲ್ಲ ಒಟ್ಟಿಗೆ ಸಿಡಿಸಿದ. ದಟ್ಟವಾಗಿ ನುಗ್ಗಿ ಬಂದ ಪಡೆಯ ನಡುವೆ ಗುಂಡುಗಳು ಬಿದ್ದವು. ಸಾವಿರಾರು ಜನ ಉರುಳಿದರು. ಉಳಿದವರು ಬೆನ್ನು ತೋರಿಸಿ ಓಡಿದರು. ಬಿಜಾಪುರದ ಸವಾರರು ಗೆದ್ದೆವೆಂದು ಅವರನ್ನು ಅಟ್ಟಿಸಿಕೊಂಡು ಕಂದಕ ಬಿಟ್ಟು ಮುಂದೆ ಬಂದರು.

ಇಲ್ಲಿ ಸ್ವಲ್ಪ ನಿಂತು ಆ ಕಾಲದ ಫಿರಂಗಿಯ ಸ್ವಭಾವವನ್ನು ನೋಡಬೇಕು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಭಾಗವೇ ಹೆಚ್ಚು ಕುತೂಹಲದ್ದು. ದೊಡ್ಡ ಫಿರಂಗಿಗೆ ಮದ್ದು ತುಂಬುತ್ತಿದ್ದುದು ಬಾಯಿಯಿಂದ. ಒಂದು ಸಲ ಸಿಡಿದ ಮೇಲೆ ನಳಿಗೆಯೊಳಗೆ ಕಿಡಿ ಉಳಿಯುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸದೆ ಹೊಸ ಮದ್ದು ಸುರಿದರೆ ತುಂಬುವವನೇ ಸುಟ್ಟುಹೋಗುತ್ತಾನೆ. ಒರೆಸಿ, ಮದ್ದು ಹಾಕಿ ಗಿಡಿದು, ಗುಂಡು ಇಳಿಸಿ, ಹಿನ್ನೆಗೆತಕ್ಕೆ ಸರಿದುಹೋದ ಗಾಡಿಯನ್ನು ಮತ್ತೆ ಜಾಗಕ್ಕೆ ತಳ್ಳಿ, ಗುರಿ ಕೂಡಿಸಿ, ಬತ್ತಿ ಮುಟ್ಟಿಸಬೇಕು. ಇಷ್ಟಕ್ಕೆ ಬೇಕಾದ ಹೊತ್ತಿನಲ್ಲಿ ಕುದುರೆ ಬಹುದೂರ ಓಡುತ್ತದೆ. ಆದ್ದರಿಂದ ಪಳಗಿದ ಗೋಲಂದಾಜರು ಎಲ್ಲವನ್ನೂ ಒಟ್ಟಿಗೆ ಹಾರಿಸದೆ ಸಾಲುಸಾಲಾಗಿ ಹಾರಿಸಬೇಕು. ತಮ್ಮ ಸವಾರರು ಫಿರಂಗಿಯ ಬಾಯಿಗೆ ಅಡ್ಡ ಬರದಂತೆ ಮೊದಲೇ ಏರ್ಪಾಡಿರಬೇಕು. ಇದು ಬಯಲಿನಲ್ಲಿ ನೂರು ಸಲ ಮಾಡಿ ಕಲಿಯುವ ವಿದ್ಯೆ. ಬಿಜಾಪುರದವರ ಹತ್ತಿರ ಅಂದು ಫಿರಂಗಿಗಳಿದ್ದವು, ಈ ವಿದ್ಯೆ ಇನ್ನೂ ಪಕ್ವವಾಗಿರಲಿಲ್ಲ.

ಉಂಗುರದ ಪ್ರಸಂಗ

ಮುಂಚೂಣಿ ಚದುರಿ ಓಡಿಬರುತ್ತಿದ್ದುದನ್ನು ಕೃಷ್ಣದೇವರಾಯ ಕಂಡ. ಆಗ ಅವನು ಬೆರಳಿನ ಉಂಗುರವನ್ನು ತೆಗೆದು ಸೇವಕನ ಕೈಗಿತ್ತು, ತಾನು ಸತ್ತ ಗುರುತಾಗಿ ಅದನ್ನು ರಾಣಿಯರಿಗೆ ತೋರಿಸಬೇಕೆಂದು ಹೇಳಿ ಕುದುರೆ ಏರಿದನೆಂದು ನೂನಿಜ್ ಬರೆಯುತ್ತಾನೆ. ಓಡಿಬರುವವರನ್ನು ಕರುಣೆಯಿಲ್ಲದೆ ಕಡಿಯಿರೆಂಬ ಆಜ್ಞೆಯೂ ಹೊರಟಿತು. ಇಂದಿನ ಮನಸ್ಸಿಗೆ ಈ ಆಜ್ಞೆಯೂ ರಾಣಿಯರ ಪಾಡೂ ಕ್ರೂರವೆನಿಸುತ್ತವೆ, ಕ್ರೂರವೂ ಹೌದು. ಆದರೆ ದೊರೆಯೇ ಹಿಂದಿರುಗುವ ಆಸೆ ಬಿಟ್ಟನೆಂಬುದು ಕಣ್ಣಿಗೆ ಕಂಡಾಗ ಸೈನ್ಯದ ಮನಸ್ಸು ತಿರುಗಿತು. ಉಳಿದ ದಳಗಳೆಲ್ಲ ಒಟ್ಟಾಗಿ ನುಗ್ಗಿದವು. ಅಟ್ಟಿಸಿಕೊಂಡು ಬಂದಿದ್ದ ಸವಾರರು ಈಗ ಹಿಂದೆ ಓಡಿದರು. ಫಿರಂಗಿಗಳು ಸುಮ್ಮನೆ ನಿಂತಿದ್ದವು. ಓಟ ಕೃಷ್ಣೆಯ ನೀರಿನವರೆಗೂ ನಡೆಯಿತು. ಇಸ್ಮಾಯಿಲ್ ಆನೆಯೊಂದರ ಮೇಲೆ ಪಾರಾದ.

ರಾಯನ ಕೈಗೆ ಸಿಕ್ಕಿದ್ದು ೪,೦೦೦ ಕುದುರೆ, ೧೦೦ ಆನೆ, ೪೦೦ ದೊಡ್ಡ ಫಿರಂಗಿ, ೯೦೦ ಫಿರಂಗಿ ಗಾಡಿ. ನಾನೂರು ಫಿರಂಗಿಗಳು ಬಿಜಾಪುರವನ್ನು ಉಳಿಸಲಿಲ್ಲ. 'ಜನಬಲವೇ ಗೆಲ್ಲಿಸಿತು' ಎಂದು ಕೆಲವರು ಹೇಳಿಯಾರು. ಜನಬಲವೇನೋ ನಿಜ. ಆದರೆ ಒಂದು ಗಳಿಗೆಯ ಹಿಂದೆ ಅದೇ ಜನಬಲದ ಮುಂಭಾಗ ಕಾಲಿಗೆ ಬುದ್ಧಿ ಹೇಳಿತ್ತೆಂಬುದನ್ನು ಮರೆಯಬಾರದು.

ಇಪ್ಪತ್ತು ಕೋವಿಗಳು

ರಾಯ ಮತ್ತೆ ರಾಯಚೂರಿಗೆ ಮರಳಿದಾಗ ಕುದುರೆ ಮಾರಲು ಬಂದಿದ್ದ ಫಿಗೆರೆದೊ ಎಂಬ ಪೋರ್ಚುಗೀಸ್ ವ್ಯಾಪಾರಿ, ಕೋವಿ ಹಿಡಿದ ಇಪ್ಪತ್ತು ಜನರೊಡನೆ ಅಲ್ಲಿಗೆ ಬಂದ. ಕೋಟೆಯ ಜನ ಗೋಡೆಯ ಮೇಲೆ ನಿರ್ಭಯವಾಗಿ ಓಡಾಡುವುದನ್ನು ಕಂಡು, ತನಗೂ ಅವಕಾಶ ಕೊಡಬೇಕೆಂದು ರಾಯನನ್ನು ಬೇಡಿದ. ಅವನ ಜನ ಗುರಿಯಿಟ್ಟು ಹೊಡೆಯತೊಡಗಿದ ಮೇಲೆ ಗೋಡೆಯ ಮೇಲೆ ತಲೆ ಎತ್ತುವವರೇ ಇಲ್ಲವಾದರು. ಕೆಳಗೆ ಗುದ್ದಲಿ ಹಾರೆಗಳು ಸರಾಗವಾಗಿ ನಡೆದವು. ಏನು ನಡೆಯುತ್ತಿದೆಯೆಂದು ಇಣುಕಿ ನೋಡಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ತಗುಲಿತು. ಮರುದಿನ ಕೋಟೆ ಶರಣಾಯಿತು. ಮೂರು ತಿಂಗಳು ಆಗದ ಕೆಲಸಕ್ಕೆ ಇಪ್ಪತ್ತು ಕೋವಿಗಳು ದಾರಿ ಮಾಡಿಕೊಟ್ಟವು. ಅವು ಫಿರಂಗಿಗಿಂತ ದೊಡ್ಡ ಆಯುಧಗಳಲ್ಲ. ಗುರಿ ಪಳಗಿದ ಕೈಗಳಲ್ಲಿದ್ದವು, ಅಷ್ಟೆ.

ಗೆದ್ದವನು ಮರೆತ, ಸೋತವನು ಕಲಿತ

ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಹೆಮ್ಮೆಪಟ್ಟು ಸುಮ್ಮನಿರಬಹುದಿತ್ತು. ಆದರೆ ನಲವತ್ತೈದು ವರ್ಷಗಳ ನಂತರ, ೧೫೬೫ರ ಜನವರಿಯಲ್ಲಿ, ಅದೇ ಕೃಷ್ಣೆಯ ಸೀಮೆಯಲ್ಲಿ ರಕ್ಕಸಗಿ ತಂಗಡಗಿ ಯುದ್ಧ ನಡೆಯಿತು. ರಾಯಚೂರಿನ ಪಾಠವನ್ನು ಗೆದ್ದವರಿಗಿಂತ ಸೋತವರೇ ಚೆನ್ನಾಗಿ ಕಲಿತರೆಂದು ಇತಿಹಾಸಕಾರ ರಿಚರ್ಡ್ ಈಟನ್ ತೋರಿಸಿದ್ದಾರೆ. ಫಿರಂಗಿಯನ್ನು ಎದುರಿಸಿಯೂ ಗೆಲ್ಲಬಹುದೆಂದು ಕಂಡುಕೊಂಡ ವಿಜಯನಗರ ಆ ವಿದ್ಯೆಯನ್ನು ಅಷ್ಟಾಗಿ ಬೆಳೆಸಲಿಲ್ಲ. ಸುಲ್ತಾನರು ತಮ್ಮ ಕೋಟೆಗಳ ಕೊತ್ತಲಗಳನ್ನೂ ಫಿರಂಗಿದಳವನ್ನೂ ಹೊಸದಾಗಿ ರೂಪಿಸಿಕೊಂಡರು.

ಫಿರಿಸ್ತಾ ಹೇಳುವಂತೆ ಅಹಮದ್‌ನಗರದ ಫಿರಂಗಿಗಳು ೬೦೦. ಅವುಗಳ ಮುಖ್ಯಸ್ಥ ಚಲಬಿ ರೂಮಿ ಖಾನ್, ಹೊರನಾಡುಗಳಲ್ಲಿ ಯುದ್ಧ ಕಂಡು ಬಂದವನು. ಅವನು ಅವನ್ನು ೨೦೦ರಂತೆ ಮೂರು ಸಾಲು ಮಾಡಿ, ದೊಡ್ಡವನ್ನು ಮುಂದೆ, ಚಿಕ್ಕವನ್ನು ಹಿಂದೆ ನಿಲ್ಲಿಸಿದ. ಸಾಲುಗಳ ಮುಂದೆ ೨,೦೦೦ ಬಿಲ್ಲಾಳುಗಳು ಮರೆಯಾಗಿ ನಿಂತರು. ಶತ್ರು ಹತ್ತಿರ ಬಂದಾಗ ಬಿಲ್ಲಾಳುಗಳು ಬದಿಗೆ ಸರಿದರು, ಫಿರಂಗಿಗಳು ಬಾಯಿ ತೆರೆದವು. ಇನ್ನೂ ಹತ್ತಿರ ಬಂದವರ ಮೇಲೆ ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಸಿಡಿಸಿದರು. ಆಮೇಲೆ ಸವಾರರು ನುಗ್ಗಿದರು. ಒಂದೊಂದೂ ಮೊದಲೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ನಡೆಯಿತು. ರಾಯಚೂರಿನಲ್ಲಿ ಕಾಣದಿದ್ದ ಶಿಸ್ತು ಇಲ್ಲಿತ್ತು. ಅತ್ತ ವೃದ್ಧ ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡೊಡನೆ ಅಷ್ಟು ದೊಡ್ಡ ಸೈನ್ಯದ ಧೈರ್ಯವೂ ಕುಸಿಯಿತು. ರಾಯಚೂರಿನಲ್ಲಿ ದೊರೆಯ ಮನಸ್ಸು ಸೈನ್ಯವನ್ನು ಹಿಡಿದು ನಿಲ್ಲಿಸಿತ್ತು. ಇಲ್ಲಿ ದೊರೆ ಬಿದ್ದ ಮೇಲೆ ನಿಲ್ಲಿಸುವ ಇನ್ನೊಬ್ಬ ಇರಲಿಲ್ಲ.

ನಮ್ಮ ಗೋಲ್ಕೊಂಡ

ಇನ್ನು ನಮ್ಮ ಊರಿನ ಬಾಗಿಲಲ್ಲೇ ಇರುವ ಗೋಲ್ಕೊಂಡ. ಊರಿಂದ ನೆಂಟರು ಬಂದಾಗಲೆಲ್ಲ ನಾವು ಅಲ್ಲಿಗೆ ಹೋಗುತ್ತೇವೆ. ಬಾಗಿಲಲ್ಲಿ ಚಪ್ಪಾಳೆ ತಟ್ಟಿ, ಮಕ್ಕಳನ್ನು ಫಿರಂಗಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಬರುತ್ತೇವೆ. ೧೬೮೭ರಲ್ಲಿ ಔರಂಗಜೇಬನ ಮಹಾಸೈನ್ಯ ಈ ಕೋಟೆಯ ಹೊರಗೆ ಸುಮಾರು ಎಂಟು ತಿಂಗಳು ಕುಳಿತಿತ್ತು. ಗೋಡೆಯ ಕೆಳಗೆ ಸುರಂಗ ಕೊರೆದು ಮದ್ದು ತುಂಬಿದರೆ, ಒಳಗಿನವರು ಎದುರು ಸುರಂಗ ಕೊರೆದು ಮದ್ದು ಬಗೆದು ನೀರು ಸುರಿದರು. ಉಳಿದ ಮದ್ದು ಸಿಡಿದಾಗ ಕಲ್ಲುಗಳು ಮೊಗಲರ ಮೇಲೆಯೇ ಬಿದ್ದವು. ಒಂದು ರಾತ್ರಿ ಮೊಗಲರು ಏಣಿ ಹಾಕಿ ಹತ್ತುತ್ತಿದ್ದಾಗ ನಾಯಿಯೊಂದು ಬೊಗಳಿ ಕಾವಲಿನವರನ್ನು ಎಬ್ಬಿಸಿತೆಂದೂ, ಆ ನಾಯಿಗೆ ಸುಲ್ತಾನ ಚಿನ್ನದ ಸರಪಳಿ ಹಾಕಿಸಿದನೆಂದೂ ಖಾಫಿ ಖಾನ್ ಬರೆದಿದ್ದಾನೆ.

ಕೊನೆಗೆ ಕೋಟೆಯನ್ನು ಬೀಳಿಸಿದ್ದು ಫಿರಂಗಿಯಲ್ಲ. ಅಬ್ದುಲ್ಲಾ ಖಾನ್ ಪಣಿ ಎಂಬ ಸರದಾರ ಲಂಚಕ್ಕೆ ಮನಸೋತು ಸೆಪ್ಟೆಂಬರಿನ ಒಂದು ರಾತ್ರಿ ಬಾಗಿಲು ತೆರೆಸಿದ. ಅದೇ ಕೋಟೆಯಲ್ಲಿ ಅಬ್ದುಲ್ ರಜಾಕ್ ಲಾರಿ ಎಂಬ ಇನ್ನೊಬ್ಬನಿದ್ದ. ಔರಂಗಜೇಬ ಕಳಿಸಿದ ಆಮಿಷದ ಪತ್ರವನ್ನು ಅವನು ತನ್ನವರ ಮುಂದೆಯೇ ಹರಿದುಹಾಕಿದ್ದ. ಬಾಗಿಲು ತೆರೆದ ರಾತ್ರಿ ಕೈಗೆ ಸಿಕ್ಕ ಕತ್ತಿ ಹಿಡಿದು ಎಪ್ಪತ್ತರಷ್ಟು ಗಾಯ ತಿಂದು ಬಿದ್ದ. ಅವನ ನಿಷ್ಠೆಗೆ ಮೆಚ್ಚಿ ಔರಂಗಜೇಬನೇ ವೈದ್ಯರನ್ನು ಕಳಿಸಿ ಬದುಕಿಸಿದ. ಗೋಡೆ ಒಂದೇ, ಫಿರಂಗಿ ಒಂದೇ. ಮನಸ್ಸು ಮಾತ್ರ ಇಬ್ಬರಲ್ಲಿ ಎರಡು. ಈ ಯುದ್ಧಗಳನ್ನು ಮತದ ಕಣ್ಣಿನಿಂದ ಮಾತ್ರ ನೋಡುವವರು ಈ ಮಾತನ್ನೂ ನೆನೆಯಬೇಕು: ಗೋಲ್ಕೊಂಡದಲ್ಲಿ ಕೋಟೆಯ ಒಳಗಿನ ಸುಲ್ತಾನನೂ ಹೊರಗಿನ ಬಾದಶಹನೂ ಒಂದೇ ಮತದವರು.

ನಮಗೇನು?

ಸಲಕರಣೆ ಬೇಡವೆಂದು ಇದರ ಅರ್ಥವಲ್ಲ. ರಾಯಚೂರಿನಲ್ಲಿ ಧೈರ್ಯ ಗೆದ್ದಿತು. ೧೫೬೫ರಲ್ಲಿ ಅಭ್ಯಾಸವಿದ್ದ ಸಲಕರಣೆ ಧೈರ್ಯವನ್ನೂ ಸೋಲಿಸಿತು. ಅಭ್ಯಾಸವಿಲ್ಲದ ಸಲಕರಣೆ ಮಾತ್ರ ಎಲ್ಲಿಯೂ ಗೆದ್ದಂತೆ ಕಾಣುವುದಿಲ್ಲ.

ನಾವು ಯುದ್ಧ ಮಾಡುವವರಲ್ಲ, ಪರಊರಿನಲ್ಲಿ ದುಡಿದು ಬದುಕುವ ಸಂಸಾರವಂದಿಗರು. ಆದರೂ ನಮ್ಮ ಮಟ್ಟಿಗೆ ನಾವೂ ಫಿರಂಗಿ ಕೊಂಡಿಟ್ಟವರೇ. ವಸತಿ ಕಟ್ಟಡದ ಪ್ರತಿ ಮಹಡಿಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ನೇತಾಡುತ್ತದೆ. ಅದರ ಪಿನ್ ಎಳೆದು ನೋಡಿದವರು ಎಷ್ಟು ಜನ? ರಾತ್ರಿ ಪಾಳಿ ಮುಗಿಸಿ ಬರುವ ಮಗಳ ಕೈಚೀಲದಲ್ಲಿ ಪೆಪ್ಪರ್ ಸ್ಪ್ರೇ ಡಬ್ಬಿ ಇರುತ್ತದೆ. ಕತ್ತಲೆಯಲ್ಲಿ, ಗಾಬರಿಯಲ್ಲಿ, ಅದನ್ನು ಯಾವ ಕೈಯಿಂದ ತೆಗೆಯಬೇಕು, ಗಾಳಿ ಎದುರಿನಿಂದ ಬೀಸುತ್ತಿದ್ದರೆ ಏನಾಗುತ್ತದೆ, ತೆಗೆದ ಮೇಲೆ ಎತ್ತ ಓಡಬೇಕು ಎಂದು ಅವಳಿಗೆ ಯಾರಾದರೂ ಹೇಳಿದ್ದಾರೆಯೇ? ಡಬ್ಬಿ ಕೊಡಿಸಿದೆವೆಂಬ ಸಮಾಧಾನ ತಂದೆತಾಯಿಗಳದು. ಆಪತ್ತು ಬಂದಾಗ ಬೇಕಾಗುವುದು ಅವಳ ಅಭ್ಯಾಸ ಮತ್ತು ಅವಳ ಸ್ಥಿರವಾದ ಮನಸ್ಸು.

ನಮ್ಮ ಸಂಘ ವರ್ಷಕ್ಕೆ ಎಷ್ಟೋ ಕಾರ್ಯಕ್ರಮ ನಡೆಸುತ್ತದೆ. ಅವುಗಳಲ್ಲಿ ಒಂದು ಭಾನುವಾರದ ಬೆಳಿಗ್ಗೆಯನ್ನು ಇದಕ್ಕೆ ಮೀಸಲಿಡಬಹುದೆಂದು ನನ್ನ ಸೂಚನೆ. ತಿಳಿದವರನ್ನು ಕರೆಸಿ, ಬೆಂಕಿ ಆರಿಸುವುದನ್ನೂ ಪ್ರಥಮ ಚಿಕಿತ್ಸೆಯನ್ನೂ ಆತ್ಮರಕ್ಷಣೆಯನ್ನೂ ದೊಡ್ಡವರು ಮಕ್ಕಳು ಎಲ್ಲರೂ ಕೈಯಾರೆ ಮಾಡಿ ಕಲಿಯಲಿ. ಒಂದು ಸಲ ಮಾಡಿ ಬಿಡದೆ ಪ್ರತಿ ವರ್ಷವೂ ಮಾಡೋಣ. ಏಕೆಂದರೆ ಒಮ್ಮೆ ಗೆದ್ದು ಮರೆತವರ ಗತಿ ಏನಾಯಿತೆಂಬುದನ್ನು ಹಂಪೆಯ ಕಲ್ಲುಗಳು ಹೇಳುತ್ತಲೇ ಇವೆ.