ದೀಕ್ಷಾಸ್ನಾನದ ನಂತರದ ಬದುಕು: ತುಳುನಾಡಿನ ಬಾಸೆಲ್ ಮಿಷನ್ ಸಭೆಗಳಲ್ಲಿ ನಿತ್ಯಜೀವನದ ಕಟ್ಟಳೆಗಳು

ಕರ್ನಾಟಕದಲ್ಲಿ ಪ್ರೊಟೆಸ್ಟಂಟ್ ಕ್ರೈಸ್ತಧರ್ಮದ ಚರಿತ್ರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿದೆ. ಒಂದು, ಮಿಷನರಿಗಳ ಭಾಷಾಸೇವೆಯನ್ನು ಕೊಂಡಾಡುವ ದಾರಿ. 1843ರ 'ಮಂಗಳೂರ ಸಮಾಚಾರ'ದಿಂದ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನವರೆಗಿನ ಕೆಲಸಗಳು ಇಲ್ಲಿ ಮುಖ್ಯವಾಗುತ್ತವೆ. ಇನ್ನೊಂದು, ಮತಾಂತರದ ಕಾರಣಗಳನ್ನು ಚರ್ಚಿಸುವ ದಾರಿ. ಇವೆರಡರ ನಡುವೆ ಒಂದು ಸರಳವಾದ ಪ್ರಶ್ನೆ ಉಳಿದುಹೋಗಿದೆ. ಭಾನುವಾರ ದೀಕ್ಷಾಸ್ನಾನ ಪಡೆದ ಬಿಲ್ಲವನೊಬ್ಬ ಸೋಮವಾರ ಬೆಳಿಗ್ಗೆ ಯಾವ ಕೆಲಸಕ್ಕೆ ಹೋಗಬೇಕಾಗಿತ್ತು? ಅವನು ಯಾರ ಮನೆಯಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು, ಅವನು ಸತ್ತರೆ ಅವನ ಆಸ್ತಿ ಯಾರಿಗೆ? ವಿಶ್ವಾಸವೆಂಬುದು ದೇಶೀ ಕ್ರೈಸ್ತರಿಗೆ ಮೊದಲು ಎದುರಾದದ್ದು ಸಿದ್ಧಾಂತವಾಗಿ ಅಲ್ಲ, ಇಂತಹ ನಿತ್ಯದ ವಿಧಿನಿಷೇಧಗಳಾಗಿ. ಆ ವಿಧಿನಿಷೇಧಗಳು ಎಲ್ಲಿಂದ ಬಂದವು, ತುಳುನಾಡಿನ ನೆಲದಲ್ಲಿ ಅವು ಏನನ್ನು ಮುರಿದವು ಮತ್ತು ಏನನ್ನು ಕಟ್ಟಿದವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಈ ಮಿಷನ್ ಸಂಸ್ಥೆಯ ಸೇವಕರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಿಂದ ಬಂದವರು. 1833ರ ಚಾರ್ಟರ್ ಕಾಯಿದೆಯು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲನ್ನು ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ವುರ್ಟೆಂಬರ್ಗಿನ 'ಪಯಟಿಸಂ' ಎಂಬ ಭಕ್ತಿಪಂಥದ ಹಿನ್ನೆಲೆ ಇವರದು. ಬಾಯಲ್ಲಿ ಒಪ್ಪಿಕೊಂಡ ನಂಬಿಕೆ ನಡತೆಯಲ್ಲಿ ಕಾಣಿಸಬೇಕು, ಮಿತವ್ಯಯ, ಶುಚಿತ್ವ, ಕೈಕೆಲಸ, ಕುಟುಂಬ ಪ್ರಾರ್ಥನೆ ಇವು ನಿಜವಾದ ಮನಪರಿವರ್ತನೆಯ ಗುರುತುಗಳು ಎಂಬುದು ಈ ಪಂಥದ ನಿಲುವು. ವುರ್ಟೆಂಬರ್ಗಿನ ಹಳ್ಳಿಯ ಕುಶಲಕರ್ಮಿಯ ಮನೆಯೇ ಅವರ ಕಣ್ಣಮುಂದಿದ್ದ ಮಾದರಿ ಎಂದರೆ ತಪ್ಪಾಗಲಾರದು.

ಸಭೆಗೆ ಸೇರಿದವರು ಬೇರೆಯೇ ವ್ಯವಸ್ಥೆಯಿಂದ ಬಂದವರು. ತುಳುನಾಡಿನಲ್ಲಿ ಸಭೆಗಳ ಬಹುಸಂಖ್ಯಾತರು ಬಿಲ್ಲವರು. ಇವರಲ್ಲಿ ಅನೇಕರ ಜೀವನೋಪಾಯ ಮೂರ್ತೆ, ಅಂದರೆ ತೆಂಗು ತಾಳೆ ಮರಗಳಿಂದ ಕಳ್ಳು ಇಳಿಸುವ ಕೆಲಸ. ಉಳಿದವರಲ್ಲಿ ಬಹಳ ಜನ ಚಾಲಗೇಣಿಯ ಒಕ್ಕಲುಗಳು. ಜಮೀನು ಕೊಟ್ಟ ಗುತ್ತಿನ ಮನೆಗೂ ಅವರಿಗೂ ಇದ್ದ ಸಂಬಂಧ ಗೇಣಿಯ ಅಕ್ಕಿಯಲ್ಲಿ ಮುಗಿಯುತ್ತಿರಲಿಲ್ಲ. ವರ್ಷಾವಧಿಯ ಕೋಲ ನೇಮಗಳಲ್ಲಿ ಒಕ್ಕಲು ಮಾಡಬೇಕಾದ ಚಾಕರಿಯೂ ಅದರ ಭಾಗವಾಗಿತ್ತು. ಆಸ್ತಿ ಅಳಿಯಸಂತಾನ ಕಟ್ಟಿನ ಪ್ರಕಾರ ತಾಯಿಯ ಕುಟುಂಬದಲ್ಲಿ ಉಳಿಯುತ್ತಿತ್ತು. ಗಂಡಸಿನ ಹಕ್ಕು ಅವನ ಸೋದರಿಯ ಮಕ್ಕಳಿಗೆ ಇಳಿಯುತ್ತಿತ್ತು, ಅವನ ಸ್ವಂತ ಮಕ್ಕಳು ಅವರ ತಾಯಿಯ ಬರಿಗೆ (ಬಳಿಗೆ) ಸೇರಿದವರು. ಕಸುಬು, ಗೇಣಿ, ಕೋಲ, ಕುಟುಂಬ ಇವು ಒಂದರೊಳಗೊಂದು ಹೆಣೆದುಕೊಂಡಿದ್ದುದರಿಂದ ಒಂದೆಳೆಯನ್ನು ಎಳೆದರೆ ಉಳಿದವೂ ಸಡಿಲವಾಗುತ್ತಿದ್ದವು.

ಮೊದಲ ಎರಡು ದಶಕಗಳಲ್ಲಿ ಸಭೆಯ ಶಿಸ್ತು ಆಯಾ ಠಾಣ್ಯದ ಮಿಷನರಿಯ ವಿವೇಚನೆಗೆ ಬಿಟ್ಟದ್ದಾಗಿತ್ತು. ಬಾಸೆಲಿನ ಇನ್ಸ್‌ಪೆಕ್ಟರ್ ಆಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತಕ್ಕೆ ಬಂದು ಠಾಣ್ಯಗಳನ್ನು ತಪಾಸಣೆ ಮಾಡಿದ ಮೇಲೆ ಈ ಸ್ಥಿತಿ ಬದಲಾಯಿತು. ಸಭಾಪಾಲಕ, ಸಭಾಹಿರಿಯರು, ಉಪದೇಶಿ ಎಂಬ ಶ್ರೇಣಿ ಗಟ್ಟಿಯಾಯಿತು. ಅಂತಿಮವಾಗಿ 1865ರಲ್ಲಿ ಭಾರತ ಹಾಗೂ ಪಶ್ಚಿಮ ಆಫ್ರಿಕದ ಬಾಸೆಲ್ ಸಭೆಗಳೆರಡಕ್ಕೂ ಅನ್ವಯಿಸುವ ಒಂದೇ ಸಭಾಕಟ್ಟಳೆ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ಮೂಲ್ಕಿಯ ತೆಂಗಿನ ತೋಟದವನಿಗೂ ಗೋಲ್ಡ್ ಕೋಸ್ಟಿನ ಆಕಾನ್ ರೈತನಿಗೂ ಒಂದೇ ಪುಸ್ತಕ! ಮೇಲ್ನೋಟಕ್ಕೆ ಇದು ಹಟಮಾರಿತನವೆಂದು ತೋರುತ್ತದೆ. ಆದರೆ ಆಕಾನ್ ಜನರಲ್ಲಿಯೂ ಮಾತೃಮೂಲ ಉತ್ತರಾಧಿಕಾರವೇ ರೂಢಿಯಲ್ಲಿತ್ತು, ಅಲ್ಲಿಯೂ ಮಿಷನ್ನು ತಂದೆಯ ಆಸ್ತಿ ಮಕ್ಕಳಿಗೋ ಸೋದರಳಿಯನಿಗೋ ಎಂಬ ಪ್ರಶ್ನೆಯನ್ನೇ ಎದುರಿಸಿತು. ಬಾಸೆಲಿನಲ್ಲಿ ಕುಳಿತವರಿಗೆ ಎರಡು ಖಂಡಗಳ ಸಮಸ್ಯೆ ಒಂದೇ ಎಂದು ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಕಟ್ಟಳೆಗಳ ಪೈಕಿ ತುಳುನಾಡಿನಲ್ಲಿ ಅತ್ಯಂತ ಗಾಢವಾದ ಪರಿಣಾಮ ಉಂಟುಮಾಡಿದ್ದು ಕಳ್ಳಿನ ನಿಷೇಧ. ಕುಡಿಯುವುದು ಮಾತ್ರವಲ್ಲ, ಇಳಿಸುವುದೂ ಮಾರುವುದೂ ಕ್ರೈಸ್ತನಿಗೆ ತಕ್ಕ ವೃತ್ತಿಯಲ್ಲವೆಂದು ಮಿಷನ್ನು ತೀರ್ಮಾನಿಸಿತು. ಇದನ್ನು ಕೇವಲ ಯುರೋಪಿನ ಪಾನವಿರೋಧದ ಮನೋಭಾವವೆಂದು ವಿವರಿಸಿದರೆ ಸಾಲದು. ಮೂರ್ತೆಯ ಕೆಲಸದ ಸ್ವರೂಪವನ್ನೇ ಗಮನಿಸಬೇಕು. ಹೊಂಬಾಳೆಯನ್ನು ಕಟ್ಟಿ, ತಟ್ಟಿ, ತುದಿಯನ್ನು ಕೊಯ್ದು ರಸವಿಳಿಯುವಂತೆ ಮಾಡಿದ ಮೇಲೆ ದಿನಕ್ಕೆರಡು ಬಾರಿಯಾದರೂ ಮರ ಹತ್ತಿ ಕೊಯ್ಲನ್ನು ಹೊಸದು ಮಾಡುತ್ತಿರಬೇಕು. ಬಿಡುವು ಕೊಟ್ಟರೆ ಕೊಯ್ದ ಬಾಯಿ ಒಣಗಿ ರಸ ಕುಗ್ಗುತ್ತದೆ. ಹೀಗಾಗಿ ಮೂರ್ತೆದಾರನಿಗೆ ವಾರದ ರಜೆಯೆಂಬುದೇ ಇಲ್ಲ. ಭಾನುವಾರವನ್ನು ಕರ್ತನ ದಿನವಾಗಿ ಆಚರಿಸಬೇಕೆಂಬ ವಿಧಿಯೂ ಈ ಕಸುಬೂ ಒಟ್ಟಿಗೆ ನಡೆಯಲು ಸಾಧ್ಯವಿರಲಿಲ್ಲ. ಕಳ್ಳನ್ನು ಪಾಪವೆಂದು ಕರೆಯದಿದ್ದರೂ ಭಾನುವಾರವೊಂದೇ ಮೂರ್ತೆದಾರನನ್ನು ಮರದಿಂದ ಇಳಿಸುತ್ತಿತ್ತು. ಇದಲ್ಲದೆ ಭೂತಗಳಿಗೆ ಸಲ್ಲುವ ಎಡೆಯಲ್ಲಿಯೂ ಕಳ್ಳಿಗೆ ಸ್ಥಾನವಿದ್ದುದರಿಂದ ಮಿಷನರಿಗಳ ದೃಷ್ಟಿಯಲ್ಲಿ ಅದು ಬರಿಯ ಪಾನೀಯವಾಗಿ ಉಳಿದಿರಲಿಲ್ಲ.

ಕಸುಬು ಬಿಟ್ಟವನಿಗೆ ಅನ್ನವೆಲ್ಲಿ? ಕೋಲದ ಚಾಕರಿಗೆ ಬರಲಾರೆನೆಂದ ಒಕ್ಕಲಿಗೆ ಚಾಲಗೇಣಿಯೂ ಭದ್ರವಾಗಿರಲಿಲ್ಲ, ಏಕೆಂದರೆ ಆ ಗೇಣಿ ಧಣಿಯ ಮರ್ಜಿಗೆ ಒಳಪಟ್ಟದ್ದು. ಮಿಷನ್ನು ಮೊದಲು ಬೇಸಾಯದ ಪ್ರಯೋಗಗಳನ್ನು ಮಾಡಿತು. ಗದಗದ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಆರಂಭಿಸಿದ ಕೃಷಿ ವಸಾಹತು ಅಂತಹದೊಂದು, ಅದು ಫಲಿಸಲಿಲ್ಲ. ಕರಾವಳಿಯಲ್ಲಿ ಕೈಹಿಡಿದದ್ದು ನೇಯ್ಗೆ ಮತ್ತು ಹೆಂಚು. 1851ರಲ್ಲಿ ಮಂಗಳೂರಿಗೆ ಬಂದ ನೇಯ್ಗೆಗಾರ ಜಾನ್ ಹಾಲರ್ ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿ ಬಣ್ಣಗಾರಿಕೆಯನ್ನೂ ಬೆಳೆಸಿದ. ಖಾಕಿ ಬಣ್ಣದ ಹೆಸರು ಅವನೊಂದಿಗೆ ಕೂಡಿಕೊಂಡಿದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ. ಮಂಗಳೂರು ಹೆಂಚಿನ ಖ್ಯಾತಿಯನ್ನು ಬಣ್ಣಿಸುವ ಬರಹಗಳು ಸಾಕಷ್ಟಿವೆ, ಇಲ್ಲಿ ಅದನ್ನು ವಿಸ್ತರಿಸಬೇಕಾಗಿಲ್ಲ. ಈ ಕಾರ್ಖಾನೆಗಳ ಮೂಲಪ್ರೇರಣೆ ಲಾಭವಾಗಿರದೆ ಕಸುಬು ಕಳೆದುಕೊಂಡ ಸಭಿಕರಿಗೆ ಕೆಲಸ ಒದಗಿಸುವುದಾಗಿತ್ತು ಎಂಬುದಷ್ಟೇ ಪ್ರಸ್ತುತ.

ಇದರಿಂದ ಹುಟ್ಟಿದ ತೊಡಕು ಸಣ್ಣದಲ್ಲ. ಉಪದೇಶಿಸುವ ಕೈಯೇ ಕೂಲಿ ಕೊಡುವ ಕೈಯಾಯಿತು. ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಬರುವುದು, ಕೂಲಿಯಲ್ಲಿ ಒಂದಂಶವನ್ನು ಉಳಿಸುವುದು, ಸಾಲ ಮಾಡದಿರುವುದು ಇವೆಲ್ಲ ಕಾರ್ಖಾನೆಯ ನಿಯಮಗಳೂ ಹೌದು, ವಿಶ್ವಾಸಿಯ ಲಕ್ಷಣಗಳೂ ಹೌದು. ಕಳ್ಳು ಕುಡಿದು ಸಿಕ್ಕಿಬಿದ್ದವನು ಕರ್ತನ ಭೋಜನದಿಂದ ದೂರವಿರಬೇಕಾದ ಶಿಕ್ಷೆಗೆ ಒಳಗಾಗುತ್ತಿದ್ದ. ಜರ್ಮನಿಯ ಹಳ್ಳಿಯಲ್ಲಿ ಅದು ಆತ್ಮಕ್ಕೆ ಸಂಬಂಧಿಸಿದ ಶಿಕ್ಷೆ ಮಾತ್ರ. ಮಂಗಳೂರಿನಲ್ಲಿ ಅವನ ಮಗ್ಗವೂ ಅವನು ವಾಸಿಸುವ ಮನೆಯೂ ಮಿಷನ್ನಿನವು. ಶಿಸ್ತು ಅಲ್ಲಿಯವರೆಗೂ ಚಾಚುತ್ತಿರಲಿಲ್ಲವೆಂದೇ ಇಟ್ಟುಕೊಂಡರೂ ಚಾಚಬಹುದೆಂಬ ಅರಿವು ಸಾಕು, ಸಲಹೆ ಆಜ್ಞೆಯಾಗುತ್ತದೆ. ಗುತ್ತಿನ ಮನೆಯ ಹಂಗಿನಿಂದ ಹೊರಬಂದವನು ಇನ್ನೊಂದು ಹಂಗಿಗೆ ಒಳಗಾದನೆಂದು ಹೇಳುವವರಿದ್ದಾರೆ. ಅದು ಅರ್ಧಸತ್ಯ. ಹೊಸ ಹಂಗಿನಲ್ಲಿ ಶಾಲೆಯಿತ್ತು, ಲೆಕ್ಕ ಬರೆದ ಕೂಲಿಯಿತ್ತು, ಜಾತಿಯ ಸರತಿಯಿಲ್ಲದ ಒಂದೇ ಬೆಂಚಿತ್ತು. ಹಳೆಯದರಲ್ಲಿ ಇವಾವುವೂ ಇರಲಿಲ್ಲ.

ಮದುವೆ ಮತ್ತು ಆಸ್ತಿಯ ವಿಷಯದಲ್ಲಿ ಬದಲಾವಣೆ ಇನ್ನೂ ಜಟಿಲವಾದದ್ದು. ಮತಾಂತರದಿಂದ ಹಕ್ಕು ಹೋಗಬಾರದೆಂದು 1850ರ ಕಾಯಿದೆ ಹೇಳಿತ್ತು. ಆದರೆ ಅಳಿಯಸಂತಾನ ಕುಟುಂಬದಲ್ಲಿ ಒಬ್ಬೊಬ್ಬನಿಗೆ ಪಾಲು ಕೇಳುವ ಹಕ್ಕೇ ಇರಲಿಲ್ಲ. ಇದ್ದದ್ದು ಕುಟುಂಬದ ಮನೆಯಲ್ಲಿದ್ದು ಜೀವನಾಂಶ ಪಡೆಯುವ ಹಕ್ಕು. ಅದೇ ಮನೆಯ ಅಡುಗೆಮನೆಯಿಂದ ಹೊರಗಾದವನಿಗೆ ಈ ಹಕ್ಕು ಕಾಗದದ ಮೇಲಿನ ಹಕ್ಕು. ಮುಂದೆ 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ದೇಶೀ ಕ್ರೈಸ್ತರಿಗೆ ಅನ್ವಯವಾದಾಗ ಅವರ ಸ್ವಂತ ಗಳಿಕೆಯ ಹಾದಿ ಬದಲಾಯಿತು. ಉಯಿಲು ಮಾಡದೆ ಸತ್ತವನ ಆಸ್ತಿಯಲ್ಲಿ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಸೋದರಳಿಯನಿಗೆ ಏನೂ ಇಲ್ಲ. ನೆರೆಯ ಕೊಡಗಿನ ದೇಶೀ ಕ್ರೈಸ್ತರನ್ನು ಮಾತ್ರ 1868ರ ಪ್ರಕಟಣೆಯೊಂದು ಈ ಕಾಯಿದೆಯಿಂದ ಹೊರಗಿಟ್ಟಿತು. ಹೀಗೆ ಒಂದೇ ಮಿಷನ್ನಿನ, ಒಂದೇ ಸಭಾಕಟ್ಟಳೆಯ ಕೆಳಗಿನ ಎರಡು ನೆರೆಹೊರೆಯ ಸಭೆಗಳಲ್ಲಿ ಸತ್ತವನ ಆಸ್ತಿ ಎರಡು ಬೇರೆ ಬೇರೆ ದಾರಿ ಹಿಡಿಯಿತು.

ಹೆಣ್ಣಿನ ಸ್ಥಿತಿಯನ್ನು ಇಲ್ಲಿ ಬಿಡಿಯಾಗಿ ನೋಡಬೇಕು. ಅಳಿಯಸಂತಾನದ ಹೆಣ್ಣಿಗೆ ಮದುವೆ ಮುರಿದರೆ ಮರಳಿ ಹೋಗಲು ತಾಯಿಯ ಮನೆಯಿತ್ತು, ಮಕ್ಕಳು ಅವಳ ಬರಿಯವರೇ ಆಗಿ ಉಳಿಯುತ್ತಿದ್ದರು, ಮತ್ತೊಂದು ಸಂಬಂಧಕ್ಕೆ ಅಡ್ಡಿಯಿರಲಿಲ್ಲ. ಮಿಷನರಿಗಳು ಇದನ್ನು ವಿವಾಹವೆಂದೇ ಪರಿಗಣಿಸಲು ಹಿಂಜರಿದರು. ಸಭೆಯಲ್ಲಿ ಮದುವೆ ಜೀವಮಾನದ ಬಂಧನ, ಮನೆಯ ಯಜಮಾನ ಗಂಡ. ಬಹುಪತ್ನಿತ್ವ ನಿಂತಿತು, ಬಾಲ್ಯವಿವಾಹಕ್ಕೆ ತಡೆ ಬಂತು. ಆದರೂ 1872ರ ಕ್ರೈಸ್ತ ವಿವಾಹ ಕಾಯಿದೆಯು ದೇಶೀ ಕ್ರೈಸ್ತರಿಗೆ ವಿಧಿಸಿದ ಮಿತಿ ವರನಿಗೆ 16, ವಧುವಿಗೆ 13 ವರ್ಷ ಮೀರಿರಬೇಕೆಂಬುದಷ್ಟೇ. ಹೆಣ್ಣುಮಕ್ಕಳ ವಸತಿಶಾಲೆಗಳಲ್ಲಿ ಓದು, ಹೊಲಿಗೆ, ಮನೆವಾರ್ತೆ ಕಲಿತವರು ಸಭಾಪಾಲಕರ, ಉಪದೇಶಿಗಳ ಪತ್ನಿಯರಾದರು, ಶಿಕ್ಷಕಿಯರಾದರು. ಅವರ ಹಿಂದಿನ ತಲೆಮಾರಿಗೆ ಅಕ್ಷರದ ಪರಿಚಯವಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೆ ದಾಂಪತ್ಯ ಕೆಟ್ಟಾಗ ಹೊರಬರುವ ದಾರಿ ಕಿರಿದಾಯಿತು. 1869ರ ಭಾರತೀಯ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಸಾಕಾಗಿತ್ತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯ, ಪರಿತ್ಯಾಗ ಮೊದಲಾದ ಇನ್ನೊಂದು ದೋಷವನ್ನೂ ತೋರಿಸಬೇಕಾಗಿತ್ತು.

ಒಬ್ಬರೇ ಮತಾಂತರವಾದಾಗ ಏನು ಮಾಡಬೇಕೆಂಬ ಪ್ರಶ್ನೆಯೂ ಸಭೆಗಳನ್ನು ಕಾಡಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರ ಪತ್ನಿ ಅವರ ಜೊತೆಗೆ ಬರಲಿಲ್ಲ. ಬಾಸೆಲಿನಲ್ಲಿ ಅಭ್ಯಾಸ ಮಾಡಿ 1851ರಲ್ಲಿ ದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಬಹುಕಾಲ ಕಾದು 1860ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ವಿವಾಹವಾದರು. ಮತಾಂತರದ ಕಾರಣದಿಂದ ಸಂಗಾತಿ ತೊರೆದರೆ ನ್ಯಾಯಾಲಯದ ಮೂಲಕ ವಿವಾಹವನ್ನು ರದ್ದುಪಡಿಸಿಕೊಳ್ಳುವ ಕಾಯಿದೆ ಬಂದದ್ದು ಅದಕ್ಕೆ ಆರು ವರ್ಷಗಳ ನಂತರ, 1866ರಲ್ಲಿ. ಕೌಂಡಿನ್ಯರ ಪ್ರಸಂಗವನ್ನು ಚರಿತ್ರೆಗಳು ನೆನೆಯುತ್ತವೆ. ಹಿಂದೆ ಉಳಿದ ಆ ಪತ್ನಿಯ ವಿಚಾರ ಅವುಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ.

ಎಲ್ಲವೂ ಕಟ್ಟಳೆಯಂತೆ ನಡೆಯಿತೆಂದು ಭಾವಿಸಬಾರದು. ಗ್ರೈನರ್ ಮೊದಲಾದವರ ಶ್ರಮದಿಂದ ತುಳು ಹೊಸ ಒಡಂಬಡಿಕೆ 1847ರ ಹೊತ್ತಿಗೆ ಕನ್ನಡ ಲಿಪಿಯಲ್ಲಿ ಅಚ್ಚಾದರೂ ಶಾಲೆಯ ಹಾಗೂ ಮುದ್ರಣದ ಪ್ರಧಾನ ಭಾಷೆಯಾಗಿ ಕನ್ನಡವೇ ನೆಲೆಗೊಂಡಿತು. ಮನೆಯ ಮಾತು ಮಾತ್ರ ತುಳುವಾಗಿಯೇ ಉಳಿಯಿತು. ಕೋಲ ನೇಮಗಳನ್ನು ಸಭೆ ದೆವ್ವಪೂಜೆಯೆಂದು ಖಂಡಿಸಿತು, ಆದರೆ ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಮುದ್ರಿಸಿದವನು ಬಾಸೆಲ್ ಮಿಷನರಿ ಮೆನ್ನರನೇ. ಹೊಸ ಬೆಳೆಯನ್ನು ಮನೆ ತುಂಬಿಸಿಕೊಳ್ಳುವ ಹಳೆಯ ಆಚರಣೆಯ ಜಾಗದಲ್ಲಿ ಸಭೆಯ ಬೆಳೆಹಬ್ಬ ಬಂತು. ಭತ್ತ, ಬಾಳೆಗೊನೆ, ತೆಂಗಿನಕಾಯಿಗಳನ್ನು ದೇವಾಲಯಕ್ಕೆ ತಂದು ಅರ್ಪಿಸಿ ಹರಾಜು ಹಾಕುವ ರೂಢಿ ಬೆಳೆಯಿತು. ಅತ್ಯಂತ ಕುತೂಹಲಕರವಾದದ್ದು ಕುಲನಾಮಗಳ ವಿಚಾರ. ಬಂಗೇರ, ಕುಂದರ್ ಮುಂತಾದ ಬರಿಯ ಹೆಸರುಗಳನ್ನು ಹಲವು ಕುಟುಂಬಗಳು ಬಿಡಲಿಲ್ಲ. ಬೈಬಲಿನ ಹೆಸರಿನ ಮುಂದೆ ಅವನ್ನು ಉಪನಾಮವಾಗಿ ಇಟ್ಟುಕೊಂಡವು. ಆದರೆ ತಾಯಿಯಿಂದ ಮಕ್ಕಳಿಗೆ ಬರುತ್ತಿದ್ದ ಬರಿ ಈಗ ತಂದೆಯಿಂದ ಮಕ್ಕಳಿಗೆ ಬರತೊಡಗಿತು. ಹೆಸರು ಉಳಿಯಿತು, ಅದು ಹರಿಯುವ ದಿಕ್ಕು ತಿರುಗಿತು.

ಮೊದಲ ಮಹಾಯುದ್ಧವು (1914-18) ಈ ವ್ಯವಸ್ಥೆಯ ಬೆನ್ನೆಲುಬನ್ನು ಮುರಿಯಿತು. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶದಿಂದ ಹೊರಹೋದರು. ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೂಲಿ ಕೊಡುವ ಕೈಯೂ ಉಪದೇಶಿಸುವ ಕೈಯೂ ಮೊದಲ ಬಾರಿಗೆ ಬೇರೆಯಾದವು. ಸಭೆಗಳ ಆಡಳಿತವನ್ನು ದೇಶೀ ಸಭಾಪಾಲಕರೂ ಹಿರಿಯರೂ ವಹಿಸಿಕೊಂಡರು. ದಕ್ಷಿಣ ಕನ್ನಡದ ಸಭೆಗಳು ಮುಂದೆ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಅಳಿಯಸಂತಾನ ಕುಟುಂಬಗಳಿಗೆ ಪಾಲುಪಟ್ಟಿಯ ಹಕ್ಕು ದೊರೆತದ್ದು 1949ರ ಮದ್ರಾಸ್ ಕಾಯಿದೆಯಿಂದ. ಕ್ರೈಸ್ತ ಹೆಣ್ಣಿಗೆ ವಿಚ್ಛೇದನದಲ್ಲಿ ಗಂಡನಿಗಿದ್ದಷ್ಟೇ ಕಾರಣಗಳು ದೊರೆಯಲು 1869ರ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯವರೆಗೆ ಕಾಯಬೇಕಾಯಿತು.