ಪರರು ಕಳುಹಿದ ಪ್ರತಿನಿಧಿಗಳು

ಕೌಟಿಲ್ಯನು ದೂತರನ್ನು ಮೂರು ಬಗೆಯಾಗಿ ವಿಂಗಡಿಸಿರುವನು. ಕಾರ್ಯವನ್ನು ಸ್ವಬುದ್ಧಿಯಿಂದ ನಿರ್ಣಯಿಸಬಲ್ಲವನು ನಿಸೃಷ್ಟಾರ್ಥನು. ಗೊತ್ತುಪಡಿಸಿದ ಎಲ್ಲೆಯೊಳಗೆ ಮಾತಾಡತಕ್ಕವನು ಪರಿಮಿತಾರ್ಥನು. ಕೊಟ್ಟ ಓಲೆಯನ್ನು ಮುಟ್ಟಿಸಿ ಬರುವವನು ಶಾಸನಹರನು. 1919ರಿಂದ 1946ರ ವರೆಗೆ ಲೋಕದ ರಾಷ್ಟ್ರಗಳ ಸಭೆಗಳಲ್ಲಿ ಭಾರತದ ಪೀಠವನ್ನೇರಿದವರು ಈ ಮೂವರಲ್ಲಿ ಯಾರೆಂಬುದು ವಿಚಾರಾರ್ಹವಾದುದು.

1919ನೆಯ ಜೂನ್ 28ರಂದು ವರ್ಸೇಲ್ಸ್ ಒಡಂಬಡಿಕೆಗೆ ಭಾರತದ ಪರವಾಗಿ ರುಜು ಹಾಕಿದವರು ಭಾರತಮಂತ್ರಿ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಹರು. ಒಬ್ಬರು ಆಳುವ ದೇಶದ ಸಚಿವರು, ಇನ್ನೊಬ್ಬರು ಮಾಂಡಲಿಕ ಅರಸರು. ಪ್ರಜೆಗಳು ಆರಿಸಿದವರು ಒಬ್ಬರೂ ಇಲ್ಲ. ಆ ಒಡಂಬಡಿಕೆಯಿಂದ ಹುಟ್ಟಿದ ರಾಷ್ಟ್ರಸಂಘವನ್ನು ಹೊಸದಾಗಿ ಸೇರುವ ದೇಶವು ಪೂರ್ಣ ಸ್ವಯಮಾಡಳಿತವುಳ್ಳದ್ದಾಗಿರಬೇಕೆಂದು ನಿಯಮವಿತ್ತು. ಭಾರತಕ್ಕೆ ಅದು ಇರಲಿಲ್ಲ. ಆದರೂ ಮೂಲ ಸದಸ್ಯರ ಪಟ್ಟಿಯಲ್ಲಿ ಅದರ ಹೆಸರು ಸೇರಿತು. ವಂತಿಗೆಯನ್ನು ತೆತ್ತವರು ಭಾರತದ ಪ್ರಜೆಗಳು. ಜಿನೀವಾದಲ್ಲಿ ಆಡಬೇಕಾದ ಮಾತಿಗೆ ಅಪ್ಪಣೆಯು ಬರುತ್ತಿದ್ದುದು ಲಂಡನ್ನಿನಿಂದ. ನಿಯೋಗದ ನಾಯಕತ್ವವು ಭಾರತೀಯರ ಕೈಗೆ ಬಂದುದೇ 1929ರಲ್ಲಿ, ಸರ್ ಮಹಮ್ಮದ್ ಹಬೀಬುಲ್ಲಾ ಅವರ ಕಾಲಕ್ಕೆ. ಹೋದವರಲ್ಲಿ ಯೋಗ್ಯತೆಗೆ ಕೊರತೆಯಿರಲಿಲ್ಲ. ಆದರೆ ಎಂತಹ ಪಂಡಿತನಾದರೂ ಒಡೆಯನ ಓಲೆಯನ್ನು ಹೊತ್ತಾಗ ಶಾಸನಹರನೇ ಸರಿ.

1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸಂಯುಕ್ತ ರಾಷ್ಟ್ರಗಳ ಸಂಸ್ಥೆಯ ಸನ್ನದು ಸಿದ್ಧವಾಯಿತು. ಭಾರತದ ನಿಯೋಗಕ್ಕೆ ನಾಯಕರು ವೈಸರಾಯರ ಕಾರ್ಯಾಂಗ ಸಭೆಯಲ್ಲಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರರು, ಮರುವರ್ಷ ಮೈಸೂರಿನ ದಿವಾನಗಿರಿಗೆ ಬಂದವರು ಇವರೇ. ಆ ಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಲಿಗೆ ಮೊದಲ ಅಧ್ಯಕ್ಷರಾಗಿಯೂ ಇವರು ಆರಿಸಲ್ಪಟ್ಟರು. ಅವರ ದಕ್ಷತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ನಗರದಲ್ಲಿ, ಸಭಾಭವನದ ಹೊರಗೆ, ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು ಈ ನಿಯೋಗವು ಭಾರತದ ಜನರದಲ್ಲವೆಂದು ಸಾರುತ್ತಿದ್ದರು. ಜನತೆಯ ಹೆಸರಿನಲ್ಲಿಯೇ ಆರಂಭವಾಗುವ ಆ ಸನ್ನದಿಗೆ, ನಲವತ್ತು ಕೋಟಿಯಷ್ಟು ಜನರ ಪರವಾಗಿ, ಅವರನ್ನು ಕೇಳದೆಯೇ ರುಜು ಬಿದ್ದಿತು.

1946ನೆಯ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರವು ಏರ್ಪಟ್ಟಿತು. ಅದರ ಹಿಂದಿದ್ದ ಮತದಾರರೂ ವಯಸ್ಕರೆಲ್ಲರಲ್ಲವೆಂಬುದನ್ನು ಮರೆಯಲಾಗದು. ಆದರೂ ಹಿಂದಿನ ವರ್ಷ ಹೊರಗಿದ್ದ ವಿಜಯಲಕ್ಷ್ಮಿಯವರೇ ಈಗ ನಿಯೋಗದ ನಾಯಕಿಯಾಗಿ ಸಭೆಯನ್ನು ಪ್ರವೇಶಿಸಿದರು. ದಕ್ಷಿಣ ಆಫ್ರಿಕದಲ್ಲಿ ಭಾರತೀಯರಿಗಾಗುತ್ತಿದ್ದ ಅನ್ಯಾಯವನ್ನು ಅವರು ಮುಂದಿಟ್ಟರು. ಎದುರುವಾದಿಯಾಗಿ ನಿಂತವನು ಜನರಲ್ ಸ್ಮಟ್ಸ್. ಸನ್ನದಿನ ಪೀಠಿಕೆಗೆ ಮೊದಲ ಕರಡನ್ನು ಬರೆದವನೂ ಅವನೇ! ಅದು ತನ್ನ ದೇಶದ ಒಳಗಿನ ವಿಷಯವೆಂದು ಅವನ ವಾದ. ಡಿಸೆಂಬರ್ 8ರಂದು ಮತವೆಣಿಸಿದಾಗ ಪರವಾಗಿ 32, ವಿರುದ್ಧವಾಗಿ 15, ತಟಸ್ಥರು 7. ಬಿದ್ದ 47 ಮತಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ 32 ಬೇಕಿತ್ತು; ದೊರೆತುದು ಸರಿಯಾಗಿ ಅಷ್ಟೇ. ದಕ್ಷಿಣ ಆಫ್ರಿಕವು ಆ ನಿರ್ಣಯದಂತೆ ನಡೆಯಲಿಲ್ಲ. 1947ರಲ್ಲಿ ಪ್ರಶ್ನೆಯು ಮತ್ತೆ ಅದೇ ಸಭೆಯ ಮುಂದೆ ಬಂದಿತು.